ಬಿಸಿಲಿನಲ್ಲಿ ಇರುವುದು ಬಿಸಿ ಮಾತ್ರವಲ್ಲ

ಕನ್ನಡದಲ್ಲಿ ‘ಬಿಸಿಲು’ ಎನ್ನುವಾಗಲೇ ‘ಬಿಸಿ’ ನಾಲಿಗೆಗೆ ಬಂದುಬಿಡುತ್ತದೆ. ಮೈ ಸುಟ್ಟರೆ ಬಿಸಿಲು, ಸುಡದಿದ್ದರೆ ಬಿಸಿಲಿಲ್ಲ. ನಮ್ಮ ದಿನನಿತ್ಯದ ತಿಳಿವಳಿಕೆ ಇಷ್ಟೇ. ಈ ತಿಳಿವಳಿಕೆಯ ಪ್ರಕಾರ ಕೊಡಗಿನಲ್ಲಿ ಬಿಸಿಲು ಕಡಿಮೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಿಂದ ಮಡಿಕೇರಿಗೆ ಬಂದವರು ‘ಇಲ್ಲಿ ಬಿಸಿಲೇ ಇಲ್ಲ’ ಎಂದು ಹೇಳುವುದು ಸಹಜ. ಆದರೆ ಚರ್ಮದ ಲೆಕ್ಕ ಬೇರೆ. ಚರ್ಮವನ್ನು ಕೆಂಪಾಗಿಸುವ, ಕಂದಿಸುವ, ಕೆಲವರಲ್ಲಿ ವರ್ಷಗಳ ನಂತರ ಕ್ಯಾನ್ಸರಿಗೆ ದಾರಿ ಮಾಡುವ ಕಿರಣಗಳು ಬಿಸಿಯ ಕಿರಣಗಳಲ್ಲ. ಅವು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬೆಚ್ಚಗೂ ಅನ್ನಿಸುವುದಿಲ್ಲ. ಬಿಸಿಯನ್ನೂ ಈ ಕಿರಣಗಳನ್ನೂ ಬೇರ್ಪಡಿಸಿ ತಿಳಿಯಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯನ್ನು ಕೊಡಗಿನ ಬೆಟ್ಟಗಳ ಮೇಲೆ ನಿಂತು ನೋಡುವುದು ಈ ಲೇಖನದ ಉದ್ದೇಶ.

ನೆರಳಿನ ಮೊದಲ ಪಾಠ

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟವನ್ನು ತೆರೆದ. ಮುಂದಿನ ಕೆಲವೇ ವರ್ಷಗಳಲ್ಲಿ ಕಾಡು ಕಡಿದು ಕಾಫಿ ನೆಡುವ ಭರಾಟೆ ಹೆಚ್ಚಿತು. ಬಿಸಿಲು ಹೆಚ್ಚು ಸಿಕ್ಕಷ್ಟೂ ಫಸಲು ಹೆಚ್ಚು ಎಂಬ ಎಣಿಕೆಯಿಂದ ಅನೇಕರು ನೆರಳಿನ ಮರಗಳನ್ನೂ ಬಿಡದೆ ಕಡಿದರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಹಬ್ಬಿ ತೋಟಗಳು ಹಾಳಾದವು. ಇದನ್ನು ಪರಿಶೀಲಿಸಲು ಮದ್ರಾಸ್ ಸರ್ಕಾರ ನೇಮಿಸಿದ್ದ ವೈದ್ಯ ಜಾರ್ಜ್ ಬಿಡೀ ಅವರ ವರದಿ 1869ರಲ್ಲಿ ಪ್ರಕಟವಾಯಿತು. ಬಯಲಾದ ತೋಟಗಳಲ್ಲಿ ಹುಳುವಿನ ಕಾಟ ಹೆಚ್ಚೆಂದೂ ನೆರಳು ಬೇಕೆಂದೂ ಕಾಫಿ ಬೆಳೆಗಾರರು ಆ ಕಾಲದಲ್ಲಿ ಮನಗಂಡರು. ಇಂದು ನಾವು ಕಾಣುವ ನೆರಳಿನ ಕಾಫಿ ತೋಟ ಆ ನಷ್ಟದಿಂದ ಕಲಿತ ಪಾಠದ ಫಲ.

ಕಾಫಿ ಗಿಡಕ್ಕೆ ನೆರಳು ಬೇಕೆಂದು ಹೀಗೆ ಗೊತ್ತಾಯಿತು. ಮನುಷ್ಯನ ಚರ್ಮಕ್ಕೆ ಎಂಥ ನೆರಳು ಬೇಕು, ಯಾವುದರಿಂದ ಬೇಕು ಎಂಬುದು ಮಾತ್ರ ಆಗ ಸ್ಪಷ್ಟವಾಗಿರಲಿಲ್ಲ. ತೋಟದ ದೊರೆಗಳು ಹೆದರಿದ್ದು ಬಿಸಿಲಿನ ಹೊಡೆತಕ್ಕೆ, ಅಂದರೆ ಬಿಸಿಗೆ. ತಂಪಾದ ಬೆಟ್ಟಸೀಮೆ ಸುರಕ್ಷಿತ, ಬಯಲುಸೀಮೆ ಅಪಾಯ ಎಂಬುದು ಅವರ ನಂಬಿಕೆ.

ರೋಹಿತದ ಎರಡು ಅಂಚುಗಳು

ಬಿಸಿಲಿನೊಳಗೆ ಕಾಣದ ಕಿರಣಗಳಿವೆ ಎಂಬುದು ಅಷ್ಟರಲ್ಲಾಗಲೇ ತಿಳಿದಿತ್ತು. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ರೋಹಿತದ ಬಣ್ಣಗಳಲ್ಲಿ ಉಷ್ಣಮಾಪಕವಿಟ್ಟು, ಕೆಂಪಿನ ಆಚೆಗೆ, ಏನೂ ಕಾಣದ ಕಡೆಯಲ್ಲಿ, ಪಾದರಸ ಇನ್ನೂ ಮೇಲೇರುವುದನ್ನು ಕಂಡ. ಅದು ಅವಕೆಂಪು ಕಿರಣ. ಮರುವರ್ಷ ಜರ್ಮನಿಯ ಯೋಹಾನ್ ರಿಟ್ಟರ್ ಇನ್ನೊಂದು ಅಂಚಿನಲ್ಲಿ ಹುಡುಕಿದ. ಬೆಳ್ಳಿಯ ಕ್ಲೋರೈಡ್ ಬೆಳಕಿಗೆ ಕಪ್ಪಾಗುತ್ತದೆಯಷ್ಟೆ. ಅದು ನೇರಳೆಯ ಆಚೆಗೆ, ಕತ್ತಲಿನಂತೆ ತೋರುವ ಭಾಗದಲ್ಲಿ ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಇವು ಅತಿನೇರಳೆ ಕಿರಣಗಳು. ಒಂದು ಅಂಚಿನಲ್ಲಿ ಬಿಸಿ, ಇನ್ನೊಂದು ಅಂಚಿನಲ್ಲಿ ರಾಸಾಯನಿಕ ಕ್ರಿಯೆ. ಚರ್ಮವನ್ನು ಸುಡುವುದು ಇವೆರಡರಲ್ಲಿ ಯಾವುದು?

ಇದಕ್ಕೆ ಮೊದಲ ಸುಳಿವು ಸಿಕ್ಕಿದ್ದು ಲಂಡನ್ನಿನ ಶಸ್ತ್ರವೈದ್ಯ ಎವರಾರ್ಡ್ ಹೋಮ್ 1821ರಲ್ಲಿ ಪ್ರಕಟಿಸಿದ ಸರಳ ಪ್ರಯೋಗದಿಂದ. ಆತ ತನ್ನ ಒಂದು ಕೈಯನ್ನು ಬರಿದಾಗಿ, ಇನ್ನೊಂದನ್ನು ಕಪ್ಪು ಬಟ್ಟೆ ಹೊದಿಸಿ ಬಿಸಿಲಿಗೆ ಒಡ್ಡಿದ. ಕಪ್ಪು ಬಟ್ಟೆಯ ಕೆಳಗೆ ಉಷ್ಣತೆ ಹೆಚ್ಚಿತ್ತು. ಆದರೆ ಬೊಬ್ಬೆ ಎದ್ದದ್ದು ಬರಿಗೈಯ ಮೇಲೆ! ಹೆಚ್ಚು ಬಿಸಿಯಾದ ಕೈ ಸುಡಲಿಲ್ಲ, ಕಡಿಮೆ ಬಿಸಿಯಾದ ಕೈ ಸುಟ್ಟಿತು. ಕಪ್ಪು ಚರ್ಮವುಳ್ಳವರು ಬಿಸಿಲನ್ನು ತಾಳುವುದೇಕೆ ಎಂಬ ಪ್ರಶ್ನೆಗೆ ಆತ ಉತ್ತರ ಹುಡುಕುತ್ತಿದ್ದ. ಉತ್ತರದ ಜೊತೆಗೆ, ಬಿಸಿಲಿನ ಸುಡುವಿಕೆ ಬಿಸಿಯಿಂದ ಆಗುವುದಲ್ಲ ಎಂಬ ಸುಳಿವೂ ಅವನ ಕೈಗೆ ಸಿಕ್ಕಿತ್ತು.

1858ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಕೋ, ವಿದ್ಯುತ್ ಚಾಪದ ಬಳಿ ಕೆಲಸ ಮಾಡಿದವರ ಚರ್ಮ ಬಿಸಿಲಿಗೆ ಕೆಂಪಾದಂತೆಯೇ ಕೆಂಪಾಗುವುದನ್ನು ವರದಿ ಮಾಡಿದ. 1889ರಲ್ಲಿ ಸ್ವೀಡನ್ನಿನ ವಿಡ್‌ಮಾರ್ಕ್ ಇದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದ. ಚಾಪದ ಬೆಳಕನ್ನು ನೀರಿನ ಮೂಲಕ ಹಾಯಿಸಿ ಬಿಸಿಯನ್ನು ತೆಗೆದರೂ ಚರ್ಮ ಕೆಂಪಾಯಿತು. ಗಾಜಿನಿಂದ ಅತಿನೇರಳೆಯನ್ನು ತಡೆದರೆ ಕೆಂಪಾಗಲಿಲ್ಲ. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ತನ್ನ ಮುಂಗೈಗೆ ಕಪ್ಪು ಮಸಿಯ ಪಟ್ಟಿ ಬಳಿದು ಬಿಸಿಲಲ್ಲಿ ಹಿಡಿದ. ಸುತ್ತಲಿನ ಚರ್ಮ ಕೆಂಪಾಯಿತು, ಮಸಿಯ ಕೆಳಗಿನದು ಬೆಳ್ಳಗೇ ಉಳಿಯಿತು. ಚರ್ಮದ ಕ್ಷಯಕ್ಕೆ ಇದೇ ಕಿರಣಗಳಿಂದ ಚಿಕಿತ್ಸೆ ರೂಪಿಸಿ ಆತ 1903ರ ನೊಬೆಲ್ ಬಹುಮಾನ ಪಡೆದ. 1922ರಲ್ಲಿ ಹೌಸರ್ ಮತ್ತು ಫಾಲೆ ಒಂದೊಂದು ತರಂಗದೂರವನ್ನೂ ಬೇರೆಯಾಗಿ ಚರ್ಮದ ಮೇಲೆ ಹಾಯಿಸಿ, ಕೆಂಪಾಗಿಸುವ ಶಕ್ತಿ 297 ನ್ಯಾನೋಮೀಟರ್ ಬಳಿ ಗರಿಷ್ಠ ಎಂದು ಅಳೆದರು.

ಇಂದು ಅತಿನೇರಳೆಯನ್ನು ಮೂರು ಪಟ್ಟಿಗಳಾಗಿ ವಿಂಗಡಿಸುತ್ತೇವೆ. 315ರಿಂದ 400 ನ್ಯಾನೋಮೀಟರ್‌ವರೆಗಿನದು ಯುವಿ-ಎ, 280ರಿಂದ 315ರವರೆಗಿನದು ಯುವಿ-ಬಿ, 100ರಿಂದ 280ರವರೆಗಿನದು ಯುವಿ-ಸಿ.

ಟೋಪಿಯ ಕಾಲ

ಇದೇ ಕಾಲದಲ್ಲಿ ವಸಾಹತುಗಳಲ್ಲಿ ಒಂದು ವಿಚಿತ್ರ ಭಯ ಹಬ್ಬಿತ್ತು. ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್ 1905ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಉಷ್ಣವಲಯದ ಬೆಳಕಿನ ರಾಸಾಯನಿಕ ಕಿರಣಗಳು ಬಿಳಿಯರ ನರಮಂಡಲವನ್ನೇ ಹಾಳುಮಾಡುತ್ತವೆ ಎಂದು ವಾದಿಸಿದ. ಭಾರತದ ಬ್ರಿಟಿಷರ ತಲೆಯ ಮೇಲೆ ಬೆಂಡಿನ ಟೋಪಿ ಆಗಲೇ ಇತ್ತು. ಬೆನ್ನುಹುರಿಯನ್ನು ಕಾಪಾಡಲೆಂದು ಬೆನ್ನಿಗೆ ಮೆತ್ತೆ ಕಟ್ಟಿಕೊಳ್ಳುವ ರೂಢಿಯೂ ಇತ್ತು. ಫಿಲಿಪೀನ್ಸ್‌ನಲ್ಲಿ ಅಮೆರಿಕದ ಸೈನಿಕರಿಗೆ ಈ ಕಿರಣಗಳನ್ನು ತಡೆಯಲೆಂದು ಕಿತ್ತಳೆಗೆಂಪು ಬಣ್ಣದ ಒಳಉಡುಪು ತೊಡಿಸಿ ಪರೀಕ್ಷಿಸಲಾಯಿತು. 1910ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ತೊಟ್ಟವರಿಗೆ ಸೆಕೆ ಹೆಚ್ಚಿದ್ದೇ ಬಂತು.

ಇಲ್ಲಿ ಎಡವಿದ್ದು ಎಲ್ಲಿ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅತಿನೇರಳೆ ಕಿರಣಗಳು ಅಪಾಯಕಾರಿ ಎಂಬುದು ಸುಳ್ಳಲ್ಲ. ಆದರೆ ಯುವಿ-ಬಿ ಹೊರಚರ್ಮದಲ್ಲೇ ಬಹುಪಾಲು ನಿಂತುಬಿಡುತ್ತದೆ, ಯುವಿ-ಎ ಒಳಚರ್ಮದವರೆಗೆ ಹೋಗುತ್ತದೆ. ತಲೆಬುರುಡೆಯನ್ನು ದಾಟಿ ಮಿದುಳನ್ನೋ ಬೆನ್ನುಮೂಳೆ ದಾಟಿ ನರವನ್ನೋ ಇವು ತಲುಪಲಾರವು. ಕಾಪಾಡಬೇಕಾದದ್ದು ಮೂಗು, ಕಿವಿ, ತುಟಿ, ಕತ್ತು, ಮುಂಗೈಗಳನ್ನು. ಬೆನ್ನಿಗೆ ಮೆತ್ತೆ ಕಟ್ಟಿದವರ ಮುಂಗೈ ಬಿಸಿಲಿಗೆ ಬರಿದಾಗಿಯೇ ಇರುತ್ತಿತ್ತು.

ವೈದ್ಯರು ಕಂಡದ್ದು

ಸರಿಯಾದ ದಾರಿ ತೋರಿದ್ದು ದುಡಿಯುವವರ ಚರ್ಮವನ್ನು ಹತ್ತಿರದಿಂದ ನೋಡಿದ ವೈದ್ಯರು. 1894ರಲ್ಲಿ ಜರ್ಮನಿಯ ಪಾಲ್ ಉನ್ನಾ, ಹಡಗಿನ ಕೆಲಸಗಾರರ ಮುಖ ಮತ್ತು ಕೈಗಳಲ್ಲಿ ಚರ್ಮ ಒರಟಾಗಿ, ಕಲೆಗಟ್ಟಿ, ಕೆಲವೊಮ್ಮೆ ಕ್ಯಾನ್ಸರಿಗೆ ತಿರುಗುವುದನ್ನು ವಿವರಿಸಿದ. 1896ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರದೇಶದ ದುಬ್ರುಯ್, ದ್ರಾಕ್ಷಿ ತೋಟದ ಕೆಲಸಗಾರರಲ್ಲಿ ಇಂಥದೇ ಬದಲಾವಣೆಗಳನ್ನು ಕಂಡ. 1928ರಲ್ಲಿ ಲಂಡನ್ನಿನ ಫಿಂಡ್ಲೇ ಇಲಿಗಳ ಚರ್ಮಕ್ಕೆ ಅತಿನೇರಳೆ ದೀಪದ ಬೆಳಕನ್ನು ತಿಂಗಳುಗಟ್ಟಲೆ ಹಾಯಿಸಿ ಕ್ಯಾನ್ಸರ್ ಬರಿಸಿ ತೋರಿಸಿದ. ಊಹೆಯಾಗಿದ್ದುದು ಪ್ರಯೋಗದ ಆಧಾರ ಪಡೆಯಿತು. 1992ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೂರ್ಯನ ವಿಕಿರಣವನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಬಿಸಿಯಿಂದ ಚರ್ಮದ ಕ್ಯಾನ್ಸರ್ ಬರುವುದೇ ಇಲ್ಲವೆಂದಲ್ಲ. ಕಾಶ್ಮೀರದಲ್ಲಿ ಚಳಿಗೆ ಜನ ಕೆಂಡದ ಕಾಂಗ್ರಿಯನ್ನು ಬಟ್ಟೆಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಳ್ಳುತ್ತಾರೆ. ಹೊಟ್ಟೆ ಮತ್ತು ತೊಡೆಯ ಮೇಲೆ ಬರುವ ‘ಕಾಂಗ್ರಿ ಕ್ಯಾನ್ಸರ್’ ಬಗ್ಗೆ ವೈದ್ಯ ಎಲ್ಮ್‌ಸ್ಲೀ 1866ರಲ್ಲೇ ಬರೆದ. ಅದು ವರ್ಷಗಟ್ಟಲೆ ಒಂದೇ ಜಾಗ ಸುಟ್ಟು ಬರುವಂಥದು, ಮತ್ತು ಬಿಸಿಲು ಬೀಳದ ಜಾಗದಲ್ಲಿ ಬರುವಂಥದು. ರೋಹಿತದ ಎರಡು ಅಂಚುಗಳು ಎರಡು ಬೇರೆ ದಾರಿಗಳಲ್ಲಿ ಚರ್ಮವನ್ನು ಕೆಡಿಸುತ್ತವೆ.

ಒಂದು ಫೋಟಾನಿನ ಲೆಕ್ಕ

ಎರಡು ದಾರಿಗಳು ಬೇರೆಯೇಕೆ? ಇದಕ್ಕೆ ಉತ್ತರ ಪಿಯುಸಿ ವಿದ್ಯಾರ್ಥಿಯೂ ಹಾಕಬಹುದಾದ ಲೆಕ್ಕ. ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಬೇಕಿದ್ದರೆ 1240ನ್ನು ನ್ಯಾನೋಮೀಟರ್‌ನಲ್ಲಿರುವ ತರಂಗದೂರದಿಂದ ಭಾಗಿಸಬೇಕು. 1000 ನ್ಯಾನೋಮೀಟರಿನ ಅವಕೆಂಪು ಫೋಟಾನಿಗೆ 1.24, 550 ನ್ಯಾನೋಮೀಟರಿನ ಹಸಿರು ಫೋಟಾನಿಗೆ 2.25, 300 ನ್ಯಾನೋಮೀಟರಿನ ಅತಿನೇರಳೆ ಫೋಟಾನಿಗೆ 4.13. ಅವಕೆಂಪು ಫೋಟಾನುಗಳು ಎಷ್ಟೇ ಬಂದರೂ ಅಣುಗಳನ್ನು ಅಲುಗಿಸಿ ಬಿಸಿ ಮಾಡುತ್ತವೆ. 300ರ ಫೋಟಾನು ಒಂದೇ ಸಾಕು, ಅಣುವಿನ ಎಲೆಕ್ಟ್ರಾನನ್ನು ಮೇಲಿನ ಮಟ್ಟಕ್ಕೆ ಎತ್ತಿ ರಾಸಾಯನಿಕ ಬದಲಾವಣೆಯನ್ನೇ ಉಂಟುಮಾಡಬಲ್ಲದು.

ಆ ಅಣು ಯಾವುದು? 1930ರಲ್ಲಿ ಫ್ರೆಡರಿಕ್ ಗೇಟ್ಸ್, ಬ್ಯಾಕ್ಟೀರಿಯಗಳನ್ನು ಕೊಲ್ಲುವ ತರಂಗದೂರಗಳ ನಕ್ಷೆ ನ್ಯೂಕ್ಲಿಯಿಕ್ ಆಮ್ಲ ಹೀರುವ ತರಂಗದೂರಗಳ ನಕ್ಷೆಯನ್ನು ಹೋಲುತ್ತದೆಂದು ತೋರಿಸಿದ. ಡಿಎನ್‌ಎ ಅತಿಹೆಚ್ಚು ಹೀರುವುದು 260 ನ್ಯಾನೋಮೀಟರ್ ಬಳಿ. ಹೀರುವಿಕೆಯ ಬಾಲ ಯುವಿ-ಬಿಯವರೆಗೂ ಚಾಚಿದೆ. 1960ರಲ್ಲಿ ಹಾಲೆಂಡಿನ ಬ್ಯೂಕರ್ಸ್ ಮತ್ತು ಬೆರೆಂಡ್ಸ್, ಹೆಪ್ಪುಗಟ್ಟಿಸಿದ ಥೈಮಿನ್ ದ್ರಾವಣಕ್ಕೆ ಅತಿನೇರಳೆ ಬಿದ್ದಾಗ ಅಕ್ಕಪಕ್ಕದ ಎರಡು ಥೈಮಿನ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುವುದನ್ನು ಕಂಡರು. ಡಿಎನ್‌ಎ ಎಳೆಯಲ್ಲಿ ಇಂಥ ಜೋಡಿಗಂಟು ಬಿದ್ದರೆ ಜೀವಕೋಶ ಪ್ರತಿ ತೆಗೆಯುವಾಗ ತಪ್ಪಾಗಬಹುದು.

ಕೋಶಗಳು ಸುಮ್ಮನಿರುವುದಿಲ್ಲ. ಗಂಟು ಬಿದ್ದ ತುಂಡನ್ನು ಕತ್ತರಿಸಿ ತೆಗೆದು ಹೊಸ ತುಂಡನ್ನು ಹೆಣೆಯುವ ಕಿಣ್ವಗಳಿವೆ. 1964ರಲ್ಲಿ ಸೆಟ್ಲೋ ಮತ್ತು ಕ್ಯಾರಿಯರ್ ಬ್ಯಾಕ್ಟೀರಿಯಗಳಲ್ಲಿ ಇದನ್ನು ತೋರಿಸಿದರು. ಬಿಸಿಲನ್ನು ಸ್ವಲ್ಪವೂ ತಾಳದೆ ಎಳವೆಯಲ್ಲೇ ಚರ್ಮದ ಕ್ಯಾನ್ಸರಿಗೆ ತುತ್ತಾಗುವ ಮಕ್ಕಳ ಒಂದು ವಿರಳ ಆನುವಂಶಿಕ ಕಾಯಿಲೆಯಿದೆ. ಅದರ ಹೆಸರು ಝೀರೋಡರ್ಮ ಪಿಗ್ಮೆಂಟೋಸಮ್. ಈ ಮಕ್ಕಳಲ್ಲಿ ಆ ದುರಸ್ತಿಯೇ ಕೆಟ್ಟಿದೆಯೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ಕಂಡುಹಿಡಿದ. ಕ್ಯಾನ್ಸರಿಗೂ ಡಿಎನ್‌ಎ ಹಾನಿಗೂ ಇರುವ ನಂಟಿಗೆ ಇದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ. 1991ರಲ್ಲಿ ಬ್ರಾಶ್ ಮತ್ತು ಸಂಗಡಿಗರು ಚರ್ಮದ ಕ್ಯಾನ್ಸರ್ ಗಡ್ಡೆಗಳ ಪಿ53 ಜೀನಿನಲ್ಲಿ ಅತಿನೇರಳೆ ಮಾತ್ರ ಬಿಡುವಂಥ ಗುರುತನ್ನು, ಎರಡು ಸೈಟೋಸಿನ್‌ಗಳು ಒಟ್ಟಿಗೆ ಥೈಮಿನ್‌ಗಳಾಗುವ ಉತ್ಪರಿವರ್ತನೆಯನ್ನು, ಓದಿದರು. ದುರಸ್ತಿಯ ವಿವರಗಳನ್ನು ಬಿಡಿಸಿದ ಅಜೀಜ್ ಸಂಜಾರ್, ತೋಮಾಸ್ ಲಿಂಡಾಲ್ ಮತ್ತು ಪಾಲ್ ಮಾಡ್ರಿಚ್ 2015ರ ರಸಾಯನವಿಜ್ಞಾನದ ನೊಬೆಲ್ ಹಂಚಿಕೊಂಡರು.

ಪಶ್ಚಿಮಘಟ್ಟದ ಮೇಲಿನ ಓಜೋನ್

ಈಗ ಕೊಡಗಿಗೆ ಮರಳೋಣ. ಸೂರ್ಯನ ರೋಹಿತ ನೆಲದ ಮೇಲೆ 300 ನ್ಯಾನೋಮೀಟರಿನ ಆಸುಪಾಸಿನಲ್ಲಿ ಥಟ್ಟನೆ ಕಡಿದಂತೆ ನಿಲ್ಲುವುದನ್ನು ಫ್ರಾನ್ಸಿನ ಕೋರ್ನು 1870ರ ದಶಕದ ಕೊನೆಯಲ್ಲಿ ಅಳೆದಿದ್ದ. ಅದಕ್ಕೆ ಓಜೋನ್ ಕಾರಣವೆಂದು 1881ರಲ್ಲಿ ಹಾರ್ಟ್ಲೀ ಸೂಚಿಸಿದ. ನಮ್ಮ ತಲೆಯ ಮೇಲಿನ ಓಜೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ತಂದು ಹರಡಿದರೆ ಅದರ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ.

ಈ ದಪ್ಪವನ್ನು ಅಳೆಯುವ ಉಪಕರಣ ರೂಪಿಸಿದ ಆಕ್ಸ್‌ಫರ್ಡಿನ ಡಾಬ್ಸನ್, 1928ರ ಸುಮಾರಿಗೆ ತನ್ನ ಕೆಲವೇ ರೋಹಿತಲೇಖಿಗಳನ್ನು ಪ್ರಪಂಚದ ಬೇರೆ ಬೇರೆ ಮೂಲೆಗಳಿಗೆ ಕಳಿಸಿದ. ಅವುಗಳಲ್ಲೊಂದು ಬಂದದ್ದು ಕೊಡೈಕೆನಾಲ್‌ಗೆ. ಉಷ್ಣವಲಯದ ಮೇಲೆ ಓಜೋನ್ ಕಡಿಮೆ, ಮೇಲಿನ ಅಕ್ಷಾಂಶಗಳಲ್ಲಿ ಹೆಚ್ಚು ಎಂಬುದನ್ನು ಈ ಅಳತೆಗಳು ತೋರಿಸಿದವು. ರಾಮನ್ ಅವರ ಶಿಷ್ಯರಾದ ಕೆ. ಆರ್. ರಾಮನಾಥನ್ ಓಜೋನ್ ಅಧ್ಯಯನವನ್ನು ನಮ್ಮ ದೇಶದಲ್ಲಿ ಬೆಳೆಸಿ, ಅಂತರರಾಷ್ಟ್ರೀಯ ಓಜೋನ್ ಆಯೋಗದ ಅಧ್ಯಕ್ಷರೂ ಆದರು.

ಪ್ರತಿವರ್ಷ ಸೆಪ್ಟೆಂಬರ್ 16ರಂದು ಶಾಲೆಗಳಲ್ಲಿ ಓಜೋನ್ ದಿನ ಆಚರಿಸುತ್ತೇವೆ. 1987ರಲ್ಲಿ ಅದೇ ದಿನ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿಯಾಯಿತು. ಆದರೆ ಅಂಟಾರ್ಕ್ಟಿಕದ ಓಜೋನ್ ರಂಧ್ರದಿಂದ ನಮ್ಮಲ್ಲಿ ಬಿಸಿಲು ಹೆಚ್ಚಾಗಿದೆ ಎಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ನಮ್ಮ ಮೇಲಿನ ಓಜೋನ್ ಸಹಜವಾಗಿಯೇ ತೆಳು, ಸೂರ್ಯನೂ ನೆತ್ತಿಯ ಮೇಲೆಯೇ ಇರುತ್ತಾನೆ. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ ಉತ್ತರ. ಏಪ್ರಿಲ್ 23 ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ ಅಲ್ಲಿ ಶೂನ್ಯ ನೆರಳಿನ ದಿನ. ಊರಿನ ಎತ್ತರ ಸುಮಾರು 1150 ಮೀಟರ್. ಪ್ರತಿ 1000 ಮೀಟರ್ ಏರಿದಂತೆ ಅತಿನೇರಳೆ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ, ಗಾಳಿ ಮಾತ್ರ ತಣ್ಣಗಾಗುತ್ತದೆ. ಮೋಡ ತೆಳುವಾಗಿದ್ದರೆ ಬಹುಪಾಲು ಅತಿನೇರಳೆ ಕೆಳಗಿಳಿಯುತ್ತದೆ. ಯುವಿ ಸೂಚ್ಯಂಕದಲ್ಲಿ 11 ದಾಟಿದರೆ ‘ಅತ್ಯಂತ ತೀವ್ರ’ ಎನ್ನುತ್ತಾರೆ. ಮಾರ್ಚ್-ಏಪ್ರಿಲ್‌ನ ನಡುಹಗಲಿನಲ್ಲಿ, ಆಕಾಶ ಶುಭ್ರವಾಗಿದ್ದರೆ, ಕೊಡಗು ಆ ಮಟ್ಟವನ್ನು ಮುಟ್ಟುತ್ತದೆ. ತಂಪಾದ ಬೆಟ್ಟವೇ ಸುರಕ್ಷಿತ ಎಂಬ ಹಳೆಯ ನಂಬಿಕೆ ಬಿಸಿಯ ವಿಷಯದಲ್ಲಿ ನಿಜ, ಅತಿನೇರಳೆಯ ವಿಷಯದಲ್ಲಿ ತಲೆಕೆಳಗು.

ನೆರಳಿನ ಗುಣವನ್ನೂ ಹೀಗೆಯೇ ನೋಡಬೇಕು. ಗಾಳಿಯ ಅಣುಗಳು ಬೆಳಕನ್ನು ಚದರಿಸುವ ಪ್ರಮಾಣ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 600 ನ್ಯಾನೋಮೀಟರಿಗಿಂತ 300 ನ್ಯಾನೋಮೀಟರ್ 16 ಪಟ್ಟು ಹೆಚ್ಚು ಚದರುತ್ತದೆ. ಆದ್ದರಿಂದ ಬಯಲಿನ ಒಂಟಿ ಮರದ ಕೆಳಗೆ ಕುಳಿತವರಿಗೆ ಬಿಸಿ ತಪ್ಪಿದರೂ ಸುತ್ತಲಿನ ಆಕಾಶದಿಂದ ಅತಿನೇರಳೆ ಬಂದೇ ಬರುತ್ತದೆ. ಮೇಲೆ ಕೊಂಬೆಗಳು ಹೆಣೆದುಕೊಂಡ ಕಾಫಿ ತೋಟದಲ್ಲಿ ಆಕಾಶವೇ ಕಾಣುವುದು ಕಡಿಮೆ, ಆ ನೆರಳು ನಿಜವಾದ ನೆರಳು. ಕೊಯ್ಲು ಮುಗಿದು ಹಣ್ಣು ಒಣಗಿಸುವ ಕಣಕ್ಕೆ ಬಂದಾಗ ಮಾತ್ರ ಪರಿಸ್ಥಿತಿ ಬದಲಾಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಿಮೆಂಟಿನ ಕಣದಲ್ಲಿ ಕಾಫಿ ಹರಡಿ ತಿರುವುವವರಿಗೆ ಮೇಲಿನಿಂದ ಬೀಳುವುದರ ಜೊತೆಗೆ ಕೆಳಗಿನಿಂದಲೂ ಸ್ವಲ್ಪ ಅತಿನೇರಳೆ ಪ್ರತಿಫಲಿಸುತ್ತದೆ.

ನಮ್ಮ ಚರ್ಮ, ನಮ್ಮ ಲೆಕ್ಕ

ಇಷ್ಟು ಅತಿನೇರಳೆ ಬಿದ್ದರೂ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಏಕೆ ಕಡಿಮೆ? ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಸ್ಥಾಪನೆಯಾಯಿತು. 1982ರಿಂದ ಅಲ್ಲಿ ನಡೆಯುತ್ತ ಬಂದ ಕ್ಯಾನ್ಸರ್ ನೋಂದಣಿಯಲ್ಲಿ ಚರ್ಮದ ಕ್ಯಾನ್ಸರಿನ ಪಾಲು ಬಹಳ ಚಿಕ್ಕದು. ಆಸ್ಟ್ರೇಲಿಯದಲ್ಲಾದರೋ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸುತ್ತದೆಂಬ ಅಂದಾಜಿದೆ. ಅಲ್ಲಿ ಯುರೋಪಿನ ಚರ್ಮ ತೀಕ್ಷ್ಣ ಬಿಸಿಲಿಗೆ ವಲಸೆ ಬಂದಿತು. ಇಲ್ಲಿ ಸಾವಿರಾರು ವರ್ಷಗಳ ಬಿಸಿಲಿಗೆ ತಕ್ಕ ಚರ್ಮವಿದೆ.

ಅದರ ಗುಟ್ಟು ಮೆಲನಿನ್. ಇದು ಹೊರಚರ್ಮದ ಕೋಶಗಳ ನ್ಯೂಕ್ಲಿಯಸ್ಸಿನ ಮೇಲೆ ಕೊಡೆ ಹಿಡಿದಂತೆ ಕೂರುತ್ತದೆ. 1979ರಲ್ಲಿ ಕೈಡ್‌ಬೇ ಮತ್ತು ಸಂಗಡಿಗರು ಅಮೆರಿಕದಲ್ಲಿ ಅಳೆದಂತೆ, ಬಿಳಿಯರ ಹೊರಚರ್ಮ ಯುವಿ-ಬಿಯ ಶೇಕಡ 24ರಷ್ಟನ್ನು ಒಳಕ್ಕೆ ಬಿಟ್ಟರೆ ಕರಿಯರದು ಶೇಕಡ 7.4ನ್ನು ಮಾತ್ರ ಬಿಟ್ಟಿತು. ನಮ್ಮ ಬಹುಪಾಲು ಜನ ಇವೆರಡರ ನಡುವೆ ಬರುತ್ತಾರೆ. ಬಣ್ಣ ಬೆಳ್ಳಗಾಗಲೆಂದು ಮುಲಾಮು ಹಚ್ಚುವ ಹುಡುಗ ಹುಡುಗಿಯರಿಗೆ ಈ ಅಂಕಿಗಳನ್ನು ತಿಳಿಸುವುದು ಒಳ್ಳೆಯದು. ಕಪ್ಪು ಬಣ್ಣ ಕೊರತೆಯಲ್ಲ, ಮೈಯ ರಕ್ಷಾಕವಚ.

ಕವಚವಿದೆಯೆಂದು ಮೈಮರೆಯುವಂತಿಲ್ಲ. ನಮ್ಮಲ್ಲಿ ಮೆಲನೋಮ ಎಂಬ ಅಪಾಯಕಾರಿ ಕ್ಯಾನ್ಸರ್ ಹೆಚ್ಚಾಗಿ ಕಾಣಿಸುವುದು ಬಿಸಿಲು ಬೀಳದ ಅಂಗಾಲಿನಲ್ಲಿ. ಹಳೆಯ ಸುಟ್ಟಗಾಯದ ಕಲೆಯಲ್ಲಿ, ಮಾಯದ ಹುಣ್ಣಿನಲ್ಲಿ ಇನ್ನೊಂದು ಬಗೆಯ ಕ್ಯಾನ್ಸರ್ ಬರಬಹುದು. ತಿಂಗಳಾದರೂ ವಾಸಿಯಾಗದ ಹುಣ್ಣು, ಬಣ್ಣ ಅಥವಾ ಅಂಚು ಬದಲಾಗುತ್ತಿರುವ ಕಪ್ಪು ಮಚ್ಚೆ, ಇವುಗಳನ್ನು ಅಂಗಾಲು ಸೇರಿದಂತೆ ಎಲ್ಲಿ ಕಂಡರೂ ವೈದ್ಯರಿಗೆ ತೋರಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ನಡುವೆ ಈ ಕವಚವಿಲ್ಲದ ಕೆಲವರಿದ್ದಾರೆ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ ಅಥವಾ ತೀರ ಕಡಿಮೆ ಇರುವ ಆಲ್ಬಿನಿಸಮ್ ಉಳ್ಳ ಮಕ್ಕಳು. ಇದು ತೊನ್ನಲ್ಲ, ಅಂಟುವ ರೋಗವೂ ಅಲ್ಲ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಮಗುವಿಗೆ ಹೀಗಾಗುತ್ತದೆ. ಆದ್ದರಿಂದಲೇ ರಕ್ತಸಂಬಂಧದ ಮದುವೆಗಳಲ್ಲಿ ಸಾಧ್ಯತೆ ಹೆಚ್ಚು. ಕೂದಲು ಬೆಳ್ಳಗಿನ, ಬೆಳಕಿಗೆ ಕಣ್ಣು ಕಿರಿದು ಮಾಡುವ ಈ ಮಗುವಿಗೆ ಬೋರ್ಡು ಕಾಣುವುದಿಲ್ಲ. ಅದನ್ನು ದಡ್ಡತನವೆಂದು ತಿಳಿಯುವುದುಂಟು. ಕರ್ನಾಟಕದ ಅತಿನೇರಳೆಗೆ ಆಸ್ಟ್ರೇಲಿಯದ ಬಿಳಿಯನಷ್ಟೇ, ಇನ್ನೂ ಹೆಚ್ಚಾಗಿಯೇ, ಈ ಮಗು ಬರಿಮೈಯಲ್ಲಿ ನಿಂತಿರುತ್ತದೆ. ಇಂಥವರಲ್ಲಿ ಚರ್ಮದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಬರಬಹುದು, ಆದರೆ ಅದನ್ನು ಬಹುಮಟ್ಟಿಗೆ ತಡೆಯಬಹುದು. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ವೈದ್ಯರು ಹೇಳಿದ ಬಿಸಿಲುತಡೆ ಲೇಪ ಇವರಿಗೆ ಶೋಕಿಯಲ್ಲ, ಔಷಧ. ಸಮವಸ್ತ್ರದ ನಿಯಮವನ್ನು ಇವರಿಗಾಗಿ ಸಡಿಲಿಸುವುದು, ಕಿಟಕಿಯಿಂದ ದೂರ, ಬೋರ್ಡಿಗೆ ಹತ್ತಿರ ಕೂರಿಸುವುದು, ನಡುಹಗಲಿನ ಆಟದಿಂದ ಬಿಡುವು ಕೊಡುವುದು, ಇವೆಲ್ಲ ಅಧ್ಯಾಪಕರ ಕೈಯಲ್ಲೇ ಇವೆ.

ಉಳಿದ ಮಕ್ಕಳಿಗೆ ಬಿಸಿಲೇ ಬೇಡವೆಂದಲ್ಲ. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್‌ಸ್ಕಿ, ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗವನ್ನು ಅತಿನೇರಳೆ ದೀಪದಿಂದ ಗುಣಪಡಿಸಿದ. ವಿಟಮಿನ್ ಡಿ ತಯಾರಾಗಲು ಚರ್ಮಕ್ಕೆ ಅದೇ ಯುವಿ-ಬಿ ಬೇಕು. ಪ್ರಶ್ನೆ ಬಿಸಿಲು ಬೇಕೋ ಬೇಡವೋ ಎಂಬುದಲ್ಲ, ಯಾರಿಗೆ ಎಷ್ಟು, ಯಾವ ಹೊತ್ತಿನಲ್ಲಿ ಎಂಬುದು.

ಹೊತ್ತನ್ನು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ನೆರಳನ್ನು ಅಳೆಯಿರಿ. ನೆರಳು ಒಂದು ಮೀಟರಿಗಿಂತ ಉದ್ದವಿದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ. ಆಗ ಕಿರಣಗಳು ಓಜೋನಿನಲ್ಲಿ ಓರೆಯಾಗಿ ಹೆಚ್ಚು ದೂರ ಸಾಗಬೇಕಾದ್ದರಿಂದ ಯುವಿ-ಬಿ ಸೋಸಿಹೋಗುತ್ತದೆ. ನೆರಳು ಕೋಲಿಗಿಂತ ಗಿಡ್ಡವಾದ ಗಂಟೆಗಳಲ್ಲಿ ಎಚ್ಚರ ಬೇಕು. ಮಡಿಕೇರಿಯಲ್ಲಿ ನಡುಹಗಲು ಗಡಿಯಾರದ 12 ಗಂಟೆಗಲ್ಲ, ಸುಮಾರು ಅರ್ಧ ಗಂಟೆ ತಡವಾಗಿ ಬರುವುದನ್ನೂ ಮಕ್ಕಳು ಈ ಕೋಲಿನಿಂದಲೇ ಕಂಡುಕೊಳ್ಳುವರು. ಆ ಪಟ್ಟಿಯನ್ನು ಶಾಲೆಯ ವೇಳಾಪಟ್ಟಿಯ ಪಕ್ಕದಲ್ಲಿ ತೂಗುಹಾಕಿ, ಕವಾಯತು ಮತ್ತು ಆಟದ ಅವಧಿಗಳು ಯಾವ ನೆರಳಿನ ಹೊತ್ತಿಗೆ ಬೀಳುತ್ತವೆ ಎಂದು ಹೋಲಿಸಿ ನೋಡಬಹುದು.